ಕಡಲು ಕಾಣದವರ ಕಡಲ ಚರಿತ್ರೆ



ಸ್ವಲ್ಪ ಉದ್ದದ ಬರಹ. ಟೀ ಕುಡಿಯುತ್ತಾ ಓದಿ, ಆದ್ರೆ ಅರ್ಧಕ್ಕೆ ಬಿಡಬೇಡಿ.

ಹೋದ ತಿಂಗಳು ನಮ್ಮ ಕಡೆಯ ಒಂದು ಹಾಸ್ಟೆಲ್‌ನಲ್ಲಿ ಮಕ್ಕಳ ಜೊತೆ ಮಾತಾಡೋಕೆ ಕರೆದಿದ್ದರು. ಮಾತು ಮುಗಿದು ಎಲ್ಲರೂ ಎದ್ದ ಮೇಲೆ ಹನೂರು ಕಡೆಯ ಒಬ್ಬಳು ಹುಡುಗಿ, ಬಿಎ ಕೊನೆ ವರ್ಷದವಳು, ಪಕ್ಕಕ್ಕೆ ಬಂದಳು. "ಅಣ್ಣಾ, ಎಂಎ ಮಾಡಿ ಆಮೇಲೆ ಹಿಂದೂ ಮಹಾಸಾಗರದ ಚರಿತ್ರೆ ಮೇಲೆ ಸಂಶೋಧನೆ ಮಾಡ್ಬೇಕು ಅಂತ ಆಸೆ. ಇದನ್ನ ಹೇಳಿದ್ದಕ್ಕೆ ಮೇಷ್ಟ್ರೊಬ್ಬರು ಎಲ್ಲರ ಮುಂದೆ ನಕ್ಕುಬಿಟ್ರು. ಕಾವೇರಿ ಹೊಳೆ ದಾಟೋಕೆ ಬಸ್ ಚಾರ್ಜಿಲ್ಲ, ಇವ್ರು ಸಮುದ್ರ ಓದ್ತಾರಂತೆ, ನಿಮ್ಮೋರಿಗೂ ಸಮುದ್ರಕ್ಕೂ ಏನಮ್ಮಾ ಸಂಬಂಧ ಅಂದ್ರು" ಅಂದಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಜವಾಗ್ಲೂ ಸಂಬಂಧ ಇಲ್ವಾ ಅಣ್ಣಾ?"

ಆವತ್ತು ನನಗೆ ಸರಿಯಾದ ಉತ್ತರ ಬಾಯಿಗೆ ಬರಲಿಲ್ಲ. "ಓದವ್ವ, ಓದು, ಯಾರ ಮಾತಿಗೂ ತಲೆ ಕೆಡಿಸ್ಕೋಬೇಡ" ಅಂದು ಬಂದೆ. ಮನೆಗೆ ಬಂದರೆ ನಿದ್ದೆ ಇಲ್ಲ. ನಾನು ಬಿಎ ಮಾಡಿರೋ ಒಬ್ಬ ಗುಮಾಸ್ತ, ಪಂಡಿತ ಅಲ್ಲ. ಆದರೆ ಕೈಗೆ ಸಿಕ್ಕ ಪುಸ್ತಕ ಓದೋ ಚಟ ಉಂಟು. ಒಂದು ತಿಂಗಳು ಕೂತು, ಓದಿದ್ದನ್ನೂ ನಮ್ಮ ಮನೆಯಲ್ಲಿ ಕೇಳಿದ್ದನ್ನೂ ಜೋಡಿಸಿ ಬರೆದ ಉತ್ತರ ಇದು. ಆ ಮಗಳಿಗೂ, ಅವಳಂಥ ಎಲ್ಲ ಮಕ್ಕಳಿಗೂ.

ಮೊದಲು ನಮ್ಮ ಮನೆಯ ಮಾತು. ಚಿಕ್ಕಂದಿನಲ್ಲಿ ನಾನು ನಮ್ಮ ಅಜ್ಜೀನ ಕೇಳಿದ್ದೆ, "ಅಜ್ಜಿ, ಸಮುದ್ರ ಅಂದ್ರ ಹೆಂಗಿರುತ್ತ?" ಅಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಹೇಳಿದ್ದು: "ಆಚ ದಡ ಕಾಣದ ಕೆರ ಕನ ಮೊಗ." ಅಜ್ಜಿ ಸಮುದ್ರ ನೋಡಿದೋಳಲ್ಲ. ಆದರೆ ನಮ್ಮ ಮನೆಯಲ್ಲಿ ಪಕ್ಷದ ಹಬ್ಬಕ್ಕೆ ಹಿರೀಕರಿಗೆ ಎಡೆ ಇಡುವಾಗ ಲೆಕ್ಕಕ್ಕಿಂತ ಒಂದು ಎಡೆ ಜಾಸ್ತಿ ಇಡುತ್ತಿದ್ದಳು. ಯಾರದು ಅಂದ್ರೆ "ಹೋದೋನ ಎಡೆ" ಅಂತಿದ್ದಳು. ಅದರ ಕಥೆ ಮುಂದೆ ಹೇಳ್ತೀನಿ.

ತಟ್ಟೆಯಲ್ಲಿರೋ ಸಮುದ್ರ

ಶಾಲೆಯಲ್ಲಿ ನಮಗೆ ಹೇಳಿಕೊಟ್ಟ ಸಮುದ್ರದ ಚರಿತ್ರೆ ಎಷ್ಟು? 1498ರಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದ. ಅಷ್ಟೇ. ಅವನು ಬರೋ ಮುಂಚೆ ಅಲ್ಲಿ ಬರೀ ಅಲೆ ಏಳ್ತಾ ಬೀಳ್ತಾ ಇತ್ತು ಅನ್ನೋ ಹಾಗೆ! ಕಳೆದ ನಾಲ್ಕೈದು ದಶಕದಲ್ಲಿ ವಿದ್ವಾಂಸರು ಈ ಕಥೆಯನ್ನ ತಿರುವಿ ಹಾಕಿದ್ದಾರೆ. ಕೆ.ಎನ್. ಚೌಧುರಿ, ಆಶಿನ್ ದಾಸ್‌ಗುಪ್ತ, ಮೈಕೆಲ್ ಪಿಯರ್ಸನ್, ಸುನಿಲ್ ಅಮೃತ್ ಇಂಥವರು ಸಮುದ್ರವನ್ನ ಖಾಲಿ ಜಾಗ ಅಂತ ನೋಡದೆ, ಜನ, ಬೀಜ, ಗಾಳಿ, ಸಾಲ, ರೋಗ, ದೇವರು ಎಲ್ಲ ಓಡಾಡೋ ಬೀದಿ ಅಂತ ನೋಡಿದರು. ಮುಂಗಾರಿನ ಗಾಳಿ ಬೀಸಿದಾಗ ಆಫ್ರಿಕಾ, ಅರಬ್ ಕಡೆಯಿಂದ ಇತ್ತ ಬರೋದು, ಗಾಳಿ ತಿರುಗಿದಾಗ ವಾಪಸ್ ಹೋಗೋದು. ಇದು ಗಾಮನಿಗಿಂತ ಸಾವಿರಾರು ವರ್ಷ ಹಿಂದಿನ ವ್ಯವಹಾರ. ಗಾಮನಿಗೇ ಆಫ್ರಿಕಾದ ಮಲಿಂದಿಯಿಂದ ದಾರಿ ತೋರಿಸಿ ಕರೆತಂದವನು ಆ ದಾರಿ ಗೊತ್ತಿದ್ದ ಒಬ್ಬ ಹಡಗಿನವನು.

ಆ ಬೀದಿ ನಮ್ಮ ಕೇರಿಗೂ ಬಂದಿದೆ. ಇವತ್ತು ರಾತ್ರಿ ನಿಮ್ಮ ತಟ್ಟೆ ನೋಡಿ. ರಾಗಿ ಮುದ್ದೆ. ರಾಗಿ ಅಂದ್ರೆ ನಾವೇ, ನಮ್ಮ ಮಣ್ಣೇ ಅಂತ ಹೆಮ್ಮೆ ಪಡ್ತೀವಿ. ಪಡಲೇಬೇಕು. ಆದರೆ ರಾಗಿಯನ್ನ ಮೊದಲು ಬೆಳೆ ಮಾಡಿದವರು ಪೂರ್ವ ಆಫ್ರಿಕಾದ ಎತ್ತರದ ನಾಡಿನ ಕರಿಯ ಜನ. ಅಲ್ಲಿಂದ ಸಾವಿರಾರು ವರ್ಷದ ಹಿಂದೆ ನಮ್ಮ ದಖ್ಖನ್‌ಗೆ ಬಂತು. ಬಿಳಿ ಜೋಳ, ಸಜ್ಜೆ ಕೂಡ ಆಫ್ರಿಕಾ ಮೂಲದವೇ. ಸಾರಿಗೆ ಹಾಕಿರೋ ಮೆಣಸಿನಕಾಯಿ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಹನೂರು ಕಡೆ ಹೊಲ ತುಂಬ ನಿಂತಿರೋ ಮುಸುಕಿನ ಜೋಳ, ಬೆಟ್ಟದ ತಪ್ಪಲಿನ ಮರಗೆಣಸು ಕೂಡ ಅಮೆರಿಕದವು. ಈ ತಟ್ಟೆಯಲ್ಲಿ ನಿಜವಾಗಿ ಇದೇ ನೆಲದಲ್ಲಿ ಹುಟ್ಟಿ ಬೆಳೆದದ್ದು ಹುರುಳಿ ಕಾಳು. ಹಂಗಾಗಿ ಹುರುಳಿ ಸಾರು, ಮುದ್ದೆ, ಹಸಿಮೆಣಸಿನಕಾಯಿ ಒಟ್ಟಿಗೆ ಉಂಡರೆ ಮೂರು ಖಂಡ ಒಂದೇ ತುತ್ತಲ್ಲಿ ಹೊಟ್ಟೆಗೆ ಹೋಯ್ತು ಅಂತ ಲೆಕ್ಕ.

ಇನ್ನು ಕೊಳ್ಳೇಗಾಲ ಅಂದ ತಕ್ಷಣ ಹೊರಗಿನವರು ಏನಂತಾರೆ? ಒಂದು ಮಾಟ ಮಂತ್ರ. ಅದನ್ನ ಬಿಡಿ, ಸಿನಿಮಾದವರ ಕೃಪೆ. ಇನ್ನೊಂದು ರೇಷ್ಮೆ ಸೀರೆ. ಈ ರೇಷ್ಮೆಗೂ ಸಮುದ್ರದ ನೀರು ತಾಗಿದೆ. ಟಿಪ್ಪು ಸುಲ್ತಾನ್ ಒಮಾನ್ ದೇಶದ ಮಸ್ಕತ್ ಬಂದರಿನಲ್ಲಿ ತನ್ನ ಕೋಠಿ ಇಟ್ಟಿದ್ದ. ಗಂಧ, ಮೆಣಸು, ಏಲಕ್ಕಿ, ಅಕ್ಕಿ ಮಂಗಳೂರು ಕಡೆಯಿಂದ ಅಲ್ಲಿಗೆ ಹೋಗ್ತಿತ್ತು. 1780ರ ದಶಕದಲ್ಲಿ ಆ ಕೋಠಿಯ ದರೋಗನಿಗೆ ಟಿಪ್ಪು ಪತ್ರ ಬರೆದ: ರೇಷ್ಮೆ ಹುಳು ಕಳಿಸು, ಸಾಕೋದು ಗೊತ್ತಿರೋ ಜನಾನೂ ಕಳಿಸು ಅಂತ. ಬಂಗಾಳಕ್ಕೂ ಜನ ಕಳಿಸಿ ಹುಳು ತರಿಸಿದ. ಈ ಪತ್ರಗಳನ್ನ ಕರ್ಕ್‌ಪ್ಯಾಟ್ರಿಕ್ ಅನ್ನೋ ಕಂಪನಿ ಅಧಿಕಾರಿ ಇಂಗ್ಲಿಷಿಗೆ ಮಾಡಿ 1811ರಲ್ಲಿ ಅಚ್ಚು ಹಾಕಿಸಿದ, ಟಿಪ್ಪುವನ್ನ ಬೈಯೋಕೆ. ಬೈಯೋಕೆ ಅಂತ ಅಚ್ಚು ಹಾಕಿದ್ದು ನಮಗೆ ದಾಖಲೆ ಆಯ್ತು! ಮುಂದೆ ಇಡೀ ಮದ್ರಾಸ್ ಪ್ರಾಂತ್ಯದಲ್ಲಿ ಹಿಪ್ಪುನೇರಳೆ ಸೊಪ್ಪು ಹೆಚ್ಚಾಗಿ ಬೆಳೀತಿದ್ದದ್ದು ನಮ್ಮ ಕೊಳ್ಳೇಗಾಲ ತಾಲ್ಲೂಕಲ್ಲೇ.

ನಮ್ಮವ್ವ ಮದುವೆಗೆ ಮುಂಚೆ ನೂಲು ಬಿಚ್ಚೋ ಕೆಲಸಕ್ಕೆ ಹೋಗ್ತಿದ್ದಳು. ಕುದಿಯೋ ನೀರಲ್ಲಿ ಗೂಡು ತೇಲಿಸಿ ಬೆರಳಲ್ಲಿ ಎಳೆ ಹಿಡೀಬೇಕು. ಇವತ್ತಿಗೂ ಅವಳ ಬೆರಳ ತುದಿ ಬೆಳ್ಳಗೆ ಸುಕ್ಕುಗಟ್ಟಿದೆ. ಆಧಾರ್‌ಗೆ ಹೆಬ್ಬೆಟ್ಟು ಒತ್ತಿದರೆ ಮಿಷನ್ನು ತಗೋಳಲ್ಲ. ರೇಷ್ಮೆಯ ಚರಿತ್ರೆ ಬರೆದವರು ರಾಜನ ಪತ್ರ ನೋಡಿದರು, ಸೀರೆಯ ಅಂಚು ನೋಡಿದರು. ಆ ಬೆರಳು ನೋಡೋ ಕೆಲಸ ನಮಗೇ ಉಳಿದಿದೆ.

ಘಾಟಿ ಇಳಿದರೆ ಬೇರೆ ಸರ್ಕಾರ

ಈಗಿನ ಹುಡುಗರಿಗೆ ಗೊತ್ತಿರಲ್ಲ. 1956ರ ನವೆಂಬರ್ 1ರ ತನಕ ಕೊಳ್ಳೇಗಾಲ ತಾಲ್ಲೂಕು, ಈಗಿನ ಹನೂರೂ ಸೇರಿ, ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಪಕ್ಕದ ಯಳಂದೂರು ಮೈಸೂರು ಸೀಮೆ, 1807ರಲ್ಲಿ ದಿವಾನ್ ಪೂರ್ಣಯ್ಯನಿಗೆ ಜಹಗೀರಾಗಿ ಕೊಟ್ಟದ್ದು. ಅಂದ್ರೆ ಕೊಳ್ಳೇಗಾಲದ ಹೊಲಗೇರಿಯಿಂದ ಯಳಂದೂರಿಗೆ ಹೆಣ್ಣು ಕೊಟ್ಟರೆ ಒಂದು ಸರ್ಕಾರದಿಂದ ಇನ್ನೊಂದು ಸರ್ಕಾರಕ್ಕೆ ಕೊಟ್ಟಂಗೆ.

ಕಂಪನಿ ಟಿಪ್ಪುವನ್ನ ಕೊಂದದ್ದು 1799ರ ಮೇ ತಿಂಗಳು. ಮರುವರ್ಷವೇ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಅನ್ನೋ ಡಾಕ್ಟರನ್ನ ಗೆದ್ದ ನಾಡಿನ ಲೆಕ್ಕ ಹಾಕೋಕೆ ಕಳಿಸಿತು. ಅವನು ನಮ್ಮ ಕೊಳ್ಳೇಗಾಲ, ಹನೂರು ಕಡೆಯಿಂದ ಹಾದು, ಬೆಟ್ಟ ದಾಟಿ, ಕಾವೇರಿಪುರದ ಘಾಟಿ ಇಳಿದು ಕೊಯಮತ್ತೂರಿಗೆ ಹೋದ. ಹೋದ ಕಡೆಯೆಲ್ಲ ಕೆರೆ ಎಷ್ಟು, ಮರ ಏನು, ಕಬ್ಬಿಣ ಎಲ್ಲಿ, ಜಾತಿ ಯಾವುದು, ಜೀತದವನಿಗೆ ವರ್ಷಕ್ಕೆ ಎಷ್ಟು ಕಾಳು ಅಂತ ಬರಕೊಂಡ. ಗುಮಾಸ್ತನಾಗಿ ನನಗೆ ಅವನ ಶಿಸ್ತು ನೋಡಿ ಬೆರಗು. ಆದರೆ ಯಾತಕ್ಕೆ ಬರಕೊಂಡ? ಇದರಲ್ಲಿ ಹಡಗಿಗೆ ತುಂಬೋದು ಏನಿದೆ ಅಂತ ನೋಡೋಕೆ. ಜೀತದ ಜನವೂ ಆ ಲೆಕ್ಕದಲ್ಲಿ ಒಂದು ಕಲಂ.

ಒಂದು ವಿಷಯ ಇಲ್ಲೇ ಹೇಳಬೇಕು. ನಮ್ಮ ಕೆಲವು ಗೆಳೆಯರು ಎಲ್ಲ ತಪ್ಪನ್ನೂ ಬ್ರಿಟಿಷರ ತಲೆಗೆ ಕಟ್ಟುತ್ತಾರೆ. ಧರ್ಮಾ ಕುಮಾರ್ ಅನ್ನೋ ವಿದುಷಿ 1965ರಲ್ಲೇ ಮದ್ರಾಸ್ ಪ್ರಾಂತ್ಯದ ಭೂಮಿ ಮತ್ತು ಜಾತಿಯ ಮೇಲೆ ಪುಸ್ತಕ ಬರೆದು ತೋರಿಸಿದರು: ಭೂಮಿ ಇಲ್ಲದ ಕೂಲಿ ವರ್ಗವನ್ನ ಬ್ರಿಟಿಷರು ಹೊಸದಾಗಿ ಹುಟ್ಟಿಸಲಿಲ್ಲ. ಜಾತಿಯ ಹೆಸರಲ್ಲಿ ಅದು ಮೊದಲೇ ಇತ್ತು. ಭೂಮಿಯ ಜೊತೆ ಜನರನ್ನೂ ಮಾರೋದು, ಅಡ ಇಡೋದು ಇತ್ತು. ಬ್ರಿಟಿಷರು ಮಾಡಿದ್ದು, ಆ ಜನರನ್ನ ಹಡಗು ಹತ್ತಿಸೋ ದಾರಿ ತೆಗೆದದ್ದು.

ಧಾತು ವರ್ಷದ ಬರ

ಈಗ ಅಜ್ಜಿಯ ಆ ಎಡೆಗೆ ಬರ್ತೀನಿ.

1876ರಲ್ಲಿ ಮಳೆ ಹೋಯ್ತು. 1877ರಲ್ಲೂ ಮುಂಗಾರು ಕೈಕೊಟ್ಟಿತು. ನಮ್ಮ ಪಂಚಾಂಗದಲ್ಲಿ ಅದು ಧಾತು, ಈಶ್ವರ ಸಂವತ್ಸರ. ನಮ್ಮ ಹಿರೀಕರ ಬಾಯಲ್ಲಿ ಅದು ಧಾತು ಬರ. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲಿದ್ದ ಜನ 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿದರು. ಹತ್ತು ವರ್ಷದಲ್ಲಿ ಹೆಚ್ಚಬೇಕಾದ ಜನ 8 ಲಕ್ಷ ಕಡಿಮೆ! ಮದ್ರಾಸ್, ಮೈಸೂರು, ಬೊಂಬಾಯಿ, ಹೈದರಾಬಾದ್ ಎಲ್ಲ ಸೇರಿ ಸತ್ತವರು 50 ಲಕ್ಷಕ್ಕೂ ಹೆಚ್ಚು.

ಮಳೆ ಯಾಕೆ ಹೋಯ್ತು? ಊರಲ್ಲಿ ಮಾರಿ ಮುನಿದಳು ಅಂದರು. ಸರ್ಕಾರದಲ್ಲಿ ದೇವರ ಇಚ್ಛೆ ಅಂದರು. ಉತ್ತರ ಇದ್ದದ್ದು ಸಮುದ್ರದಲ್ಲಿ. ಪೆಸಿಫಿಕ್ ಸಾಗರದ ಪೂರ್ವ ಭಾಗದ ನೀರು ಮಾಮೂಲಿಗಿಂತ ಬಿಸಿಯಾಗೋದಕ್ಕೆ ಎಲ್ ನಿನೋ ಅಂತಾರೆ. ಅದು ಬಂದಾಗ ಮಳೆ ಮೋಡ ಕಟ್ಟೋ ಜಾಗಾನೇ ಆಚೆಗೆ ಸರಿಯುತ್ತೆ, ನಮ್ಮ ಮುಂಗಾರು ಎಷ್ಟೋ ಸಲ ಸೊರಗುತ್ತೆ. 1877–78ರದ್ದು ಚರಿತ್ರೆಯಲ್ಲೇ ಬಹಳ ಬಲವಾದ ಎಲ್ ನಿನೋಗಳಲ್ಲಿ ಒಂದು. 2018ರಲ್ಲಿ ದೀಪ್ತಿ ಸಿಂಗ್ ಮತ್ತು ಸಂಗಡಿಗರು ಹಳೇ ದಾಖಲೆ, ಮರದ ಉಂಗುರಗಳ ಲೆಕ್ಕ ಎಲ್ಲ ಹಾಕಿ ತೋರಿಸಿದ್ದಾರೆ: ಪೆಸಿಫಿಕ್, ಹಿಂದೂ ಮಹಾಸಾಗರ, ಅಟ್ಲಾಂಟಿಕ್ ಮೂರೂ ಒಟ್ಟಿಗೆ ಏರುಪೇರಾಗಿದ್ದವು. ಅದಕ್ಕೇ ಆ ಬರ ಭಾರತದಲ್ಲಿ ಮಾತ್ರ ಅಲ್ಲ, ಚೀನಾದಲ್ಲಿ, ಬ್ರೆಜಿಲ್‌ನಲ್ಲಿ, ಆಫ್ರಿಕಾದಲ್ಲೂ ಜನರನ್ನ ತಿಂದಿತು.

ಈ ಗುಟ್ಟು ಹುಡುಕೋ ಕೆಲಸ ಶುರುವಾದದ್ದೂ ನಮ್ಮ ಹೆಣಗಳ ಮೇಲೇ. ಭಾರತದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಮುಂದೆ 1904ರಲ್ಲಿ ಅದರ ಮುಖ್ಯಸ್ಥನಾಗಿ ಬಂದ ಗಿಲ್ಬರ್ಟ್ ವಾಕರ್ ಪ್ರಪಂಚದ ಬೇರೆ ಬೇರೆ ಕಡೆಯ ಗಾಳಿ ಒತ್ತಡದ ಅಂಕಿಗಳನ್ನ ಜೋಡಿಸಿ ಜೋಡಿಸಿ, ಪೆಸಿಫಿಕ್ ಕಡೆ ಒತ್ತಡ ಏರಿದರೆ ಹಿಂದೂ ಮಹಾಸಾಗರದ ಕಡೆ ಇಳಿಯುತ್ತೆ, ತಕ್ಕಡಿ ಥರ ತೂಗುತ್ತೆ ಅಂತ ಕಂಡುಹಿಡಿದ. ಅಂಕಿ ಬರೆದು ಕೂಡಿಸಿ ಕಳೆಯೋ ಕೆಲಸ ಮಾಡಿದ್ದು ಅವನ ಕಚೇರಿಯ ಭಾರತೀಯ ಗುಮಾಸ್ತರು. ಅವರ ಹೆಸರು ಯಾವ ಪಾಠದಲ್ಲೂ ಇಲ್ಲ, ಇರಲಿ.

ಆದರೆ ಬಂಧುಗಳೇ, ಸಮುದ್ರ ಮಳೆಯನ್ನ ತಡೆಯಬಹುದು. ಅನ್ನವನ್ನ ತಡೆದದ್ದು ಸಮುದ್ರ ಅಲ್ಲ. ಇತಿಹಾಸಕಾರ ಮೈಕ್ ಡೇವಿಸ್ 2001ರಲ್ಲಿ ಬರೆದ ಪುಸ್ತಕದ ತಿರುಳೇ ಇದು. ಜನ ಸಾಯ್ತಾ ಇರೋವಾಗ ಬಂದರಿನಿಂದ ಗೋಧಿಯ ಹಡಗು ಇಂಗ್ಲೆಂಡಿಗೆ ಹೋಗ್ತಾನೇ ಇತ್ತು. ರೈಲು ಬಂದಿತ್ತಲ್ಲ, ಅದು ಕಾಳನ್ನ ಹಸಿದ ಊರಿಗೆ ತರೋ ಬದಲು ಒಳ್ಳೆ ಬೆಲೆ ಇದ್ದ ಕಡೆಗೆ ಎಳಕೊಂಡು ಹೋಯ್ತು. 1877ರಲ್ಲಿ ರಿಚರ್ಡ್ ಟೆಂಪಲ್ ಅನ್ನೋ ದೊಡ್ಡ ಅಧಿಕಾರಿ ಬಂದು, ಬರಗಾಲದ ಕಾಮಗಾರಿಯಲ್ಲಿ ಕಲ್ಲು ಹೊರೋ ಗಂಡಾಳಿಗೆ ದಿನಕ್ಕೆ ಒಂದು ಪೌಂಡ್ ಕಾಳು, ಅಂದ್ರೆ ಅರ್ಧ ಕೆಜಿಗೂ ಕಡಿಮೆ, ಮೇಲೊಂದು ಆಣೆ ಸಾಕು ಅಂದ. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಶ್, ಇದನ್ನ ತಿಂದು ಕೆಲಸ ಮಾಡಿದರೆ ಮನುಷ್ಯ ಉಳಿಯಲ್ಲ ಅಂತ ಜಗಳ ಆಡಿದ. ಕೆಲವು ತಿಂಗಳ ಮೇಲೆ ಕೂಲಿ ಸ್ವಲ್ಪ ಏರಿತು. ಅಷ್ಟರಲ್ಲಿ ಎಷ್ಟು ಜನ ಹೋದರೋ.

ಕಾಮಗಾರಿಗೆ ಹೋದವರು ಯಾರು? ಹೊಲ ಇದ್ದವನು ಹೊಲ ಅಡ ಇಟ್ಟ, ಎತ್ತು ಮಾರಿದ, ಹಗೇವಿನಲ್ಲಿ ಹುಗಿದಿಟ್ಟ ರಾಗಿ ತೆಗೆದ. ಏನೂ ಇಲ್ಲದವನು ಮೈ ಮಾರಿದ. ನಮ್ಮ ಅಜ್ಜಿಯ ಅಜ್ಜಿಗೆ ಆಗ ಹತ್ತು ಹನ್ನೆರಡು ವರ್ಷವಂತೆ. ಅವಳ ಅಪ್ಪ ಕೆರೆ ಮಣ್ಣು ಹೊರೋ ಕೆಲಸಕ್ಕೆ ಹೋಗಿ ವಾಂತಿಭೇದಿ ಬಂದು ಅಲ್ಲೇ ಹೋದ. ಚಿಕ್ಕಪ್ಪ, "ಮುಂಗಡ ಕೊಡ್ತಾರಂತ, ತೋಟಕ್ಕ ಹೋಗಿ ಬತ್ತೀನಿ" ಅಂತ ಯಾರದೋ ಜೊತೆ ಘಾಟಿ ಇಳಿದ. ಬರಲಿಲ್ಲ. ಕೊಳಂಬಿಗೆ ಹೋದ ಅಂದವರುಂಟು, ದಾರೀಲೇ ಸತ್ತ ಅಂದವರುಂಟು. ಸತ್ತ ಅಂತ ಗೊತ್ತಿದ್ದರೆ ತಿಥಿ ಮಾಡಬಹುದು, ಬದುಕಿದ್ದಾನೆ ಅಂತ ಗೊತ್ತಿದ್ದರೆ ಕಾಯಬಹುದು. ಎರಡೂ ಇಲ್ಲ. ಅದಕ್ಕೇ ಆ ಎಡೆ. ಹೆಸರು ಅಜ್ಜಿಗೂ ಗೊತ್ತಿರಲಿಲ್ಲ. "ಹೋದೋನು", ಅಷ್ಟೇ.

ಕಡಲು ದಾಟಿದವರು

ಸುನಿಲ್ ಅಮೃತ್ ಬಂಗಾಳ ಕೊಲ್ಲಿಯ ಮೇಲೆ 2013ರಲ್ಲಿ ಒಂದು ಪುಸ್ತಕ ಬರೆದಿದ್ದಾರೆ. ಅವರ ಲೆಕ್ಕದಲ್ಲಿ 1840ರಿಂದ 1940ರ ಒಳಗೆ ಬಂಗಾಳ ಕೊಲ್ಲಿಯನ್ನ ದಾಟಿ ಸಿಲೋನ್, ಬರ್ಮಾ, ಮಲಯಕ್ಕೆ ಹೋದವರು ಸುಮಾರು 2 ಕೋಟಿ 80 ಲಕ್ಷ! ಹೆಚ್ಚಿನವರು ಎರಡು ಮೂರು ವರ್ಷ ದುಡಿದು ವಾಪಸ್ ಬಂದರು, ಮತ್ತೆ ಹೋದರು. ಇದಲ್ಲದೆ 1834ರಿಂದ ಮಾರಿಷಸ್‌ಗೆ, 1860ರಿಂದ ದಕ್ಷಿಣ ಆಫ್ರಿಕಾದ ನಟಾಲ್‌ಗೆ ಕರಾರು ಕೂಲಿಗಳು. ನಟಾಲ್‌ಗೆ ಮೊದಲು ಮುಟ್ಟಿದ ಟ್ರೂರೊ ಅನ್ನೋ ಹಡಗು ಹೊರಟದ್ದು ಮದ್ರಾಸಿನಿಂದಲೇ. 1834 ಯಾಕೆ? ಅದೇ ವರ್ಷ ಬ್ರಿಟಿಷ್ ವಸಾಹತುಗಳಲ್ಲಿ ಆಫ್ರಿಕನ್ನರ ಗುಲಾಮಗಿರಿ ರದ್ದಾಯ್ತು. ಕಬ್ಬಿನ ತೋಟಕ್ಕೆ ಆಳು ಬೇಕು. ಕರಿಯರನ್ನ ಬಿಟ್ಟ ಸರಪಣಿಗೆ ಬೇರೆ ಕಾಲು ಹುಡುಕಿದರು.

ಆ ಕಾಲು ಯಾರದ್ದು? ಎಲ್ಲ ಜಾತಿಯವರೂ ಹೋದರು ನಿಜ. ಚೆಟ್ಟಿಯಾರರು ಸಾಲ ಕೊಡೋಕೆ ರಂಗೂನಿಗೆ ಹೋದರು. ಆದರೆ ತೋಟದ ಕೂಲಿಗಳಲ್ಲಿ ದೊಡ್ಡ ಪಾಲು ನಮ್ಮವರು, ಅಸ್ಪೃಶ್ಯ ಜಾತಿಗಳವರು. ಇಲ್ಲೊಂದು ತಮಾಷೆ ನೋಡಿ. ಬೌಧಾಯನ ಧರ್ಮಸೂತ್ರದಲ್ಲಿ ಸಮುದ್ರಯಾನ ಮಾಡಿದವನು ಪತಿತ. 1888ರಲ್ಲಿ ಲಂಡನ್ನಿಗೆ ಹೊರಟ ಗಾಂಧಿಯನ್ನ ಅವರ ಜಾತಿಯವರು ಬಹಿಷ್ಕಾರ ಹಾಕಿದರು. ನಮ್ಮವರಿಗೆ ಆ ಭಯ ಇರಲಿಲ್ಲ. ಊರೊಳಗೇ ಸೇರಿಸದವರನ್ನ ಎಲ್ಲಿಂದ ಹೊರಗೆ ಹಾಕ್ತೀರಿ? ಮೇಷ್ಟ್ರು ನಕ್ಕರಲ್ಲ, "ನಿಮ್ಮೋರಿಗೂ ಸಮುದ್ರಕ್ಕೂ ಏನು ಸಂಬಂಧ" ಅಂತ. ಯಾರ ಶಾಸ್ತ್ರ ಸಮುದ್ರ ಮುಟ್ಟಬೇಡ ಅಂದಿತು, ಯಾರ ಮೈ ಸಮುದ್ರ ದಾಟಿತು, ಲೆಕ್ಕ ನೋಡಿ.

ಹಾಗಂತ ಹಡಗು ಹತ್ತಿದ ಕೂಡಲೇ ಜಾತಿ ಹೋಯ್ತು ಅಂತ ನಾನು ಹೇಳಲ್ಲ. ಸಿಲೋನಿಗೆ ಆಳು ಕರಕೊಂಡು ಹೋಗೋನು ಕಂಗಾಣಿ. ಊರಿಂದಲೇ ಮುಂಗಡ ಕೊಟ್ಟು, ದಾರಿ ಖರ್ಚು ಅಂತ ಬರೆದು, ಅಕ್ಕಿ ಕೊಟ್ಟದ್ದಕ್ಕೆ ಬರೆದು, ಸಾಲದಲ್ಲಿ ಕಟ್ಟಿಹಾಕ್ತಿದ್ದ. ಒಂದು ತೋಟದಿಂದ ಇನ್ನೊಂದಕ್ಕೆ ಹೋಗಬೇಕಂದರೆ ಸಾಲದ ಮೊತ್ತ ಬರೆದ ಚೀಟಿ ಜೊತೆಗೇ ಹೋಗ್ತಿತ್ತು. ಅದಕ್ಕೆ "ತುಂಡು" ಅಂತಿದ್ದರು. 1921ರ ತನಕ ನಡೀತು. ಲೈನು ಮನೆಗಳಲ್ಲೂ ಜಾತಿ ಲೈನು ಬೇರೆ ಬೇರೆ. ಜೀತ ಕಡಲು ದಾಟಿ ಹೊಸ ಲೆಡ್ಜರ್ ತೆಗೀತು. ಆದರೆ ಕೂಲಿ ಕಾಸಿನಲ್ಲಿ ಬಂತು. ಒಂದಷ್ಟು ಜನ ಉಳಿಸಿದರು, ವಾಪಸ್ ಬಂದು ತುಂಡು ಭೂಮಿ ಕೊಂಡರು, ಮಕ್ಕಳಿಗೆ ಅಕ್ಷರ ಕಲಿಸಿದರು. ಎರಡೂ ನಿಜ, ಎರಡನ್ನೂ ಬರೀಬೇಕು.

ಕಡಲು ದಾಟಿದ್ದರಿಂದ ನಮ್ಮ ಚಳವಳಿಗೂ ಉಸಿರು ಬಂತು. ಪಂಡಿತ ಅಯೋತಿ ದಾಸರು 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧ ದೀಕ್ಷೆ ತಗೊಂಡು ಬಂದರು. ಅವರ ಶಾಕ್ಯ ಬೌದ್ಧ ಸಂಘದ ಶಾಖೆಗಳು ನಮ್ಮ ಕೋಲಾರದ ಚಿನ್ನದ ಗಣಿಯಲ್ಲೂ ಇದ್ದವು, ರಂಗೂನಲ್ಲೂ ಇದ್ದವು. ಆ ಗಣಿಗೆ 1902ರಿಂದ ಕರೆಂಟು ಹೋದದ್ದು ಎಲ್ಲಿಂದ? ನಮ್ಮ ಪಕ್ಕದ ಶಿವನಸಮುದ್ರದಿಂದ. ಹೆಸರಲ್ಲೇ ಸಮುದ್ರ ಇಟ್ಟುಕೊಂಡಿರೋ ಊರು! ರೆಟ್ಟಮಲೈ ಶ್ರೀನಿವಾಸನ್ ಅವರು ದಕ್ಷಿಣ ಆಫ್ರಿಕಾದಲ್ಲಿ ವರ್ಷಗಟ್ಟಲೆ ಕೋರ್ಟಿನ ದುಭಾಷಿಯಾಗಿ ದುಡಿದು ಬಂದವರು. ಆಮೇಲೆ ಬಾಬಾಸಾಹೇಬರ ಜೊತೆ ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಕೂತರು.

ಬಾಬಾಸಾಹೇಬರಂತೂ ಹೇಳಲೇಬೇಕು. 1913ರಲ್ಲಿ ಬರೋಡ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ನ್ಯೂಯಾರ್ಕಿಗೆ ಹಡಗು ಹತ್ತಿದರು. 1917ರಲ್ಲಿ, ಮೊದಲ ಮಹಾಯುದ್ಧದ ನಡುವೆ, ವಾಪಸ್ ಹೊರಟರು. ಅವರು ಒಂದು ಹಡಗಿನಲ್ಲಿ, ಅವರ ಪುಸ್ತಕ, ಸಾಮಾನು ಇನ್ನೊಂದರಲ್ಲಿ. ಜರ್ಮನಿಯ ಸಬ್‌ಮರೀನು ಆ ಸಾಮಾನಿನ ಹಡಗನ್ನ ಮುಳುಗಿಸಿತು. ಊಟ ಬಿಟ್ಟು ಕೂಡಿಸಿದ ಪುಸ್ತಕಗಳು ಸಮುದ್ರದ ತಳ ಸೇರಿದವು. 1920ರಲ್ಲಿ ಮತ್ತೆ ಹಡಗು ಹತ್ತಿ ಲಂಡನ್ನಿಗೆ ಹೋದರು, ಓದು ಮುಗಿಸಿಯೇ ಬಂದರು. ಬಸ್ ಚಾರ್ಜಿಲ್ಲ ಅಂತ ನಗಿಸಿಕೊಂಡ ನನ್ನ ತಂಗೀ, ಇದನ್ನ ನೆನಪಿಟ್ಟುಕೋ.

ಕಾಡಿಗೆ ನುಗ್ಗಿದ ಸಮುದ್ರ

ಬಿಳಿಗಿರಿರಂಗನ ಬೆಟ್ಟಕ್ಕೆ, ಮಾದಪ್ಪನ ಬೆಟ್ಟಕ್ಕೆ ಹೋದವರು ಲಂಟಾನ ಪೊದೆ ನೋಡೇ ಇರ್ತೀರಿ. ಬಣ್ಣ ಬಣ್ಣದ ಹೂವು, ಮೈಯೆಲ್ಲ ಮುಳ್ಳು. ಅದೂ ಹಡಗಿನಲ್ಲೇ ಬಂದದ್ದು. ಅಮೆರಿಕ ಖಂಡದ ಗಿಡ. 1800ರ ದಶಕದ ಮೊದಲಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆ ಅಂತ ತಂದರು. ಇವತ್ತು ಸೋಲಿಗರ ಕಾಡನ್ನ ನುಂಗಿ ಕೂತಿದೆ. ಅದರಡಿ ಹುಲ್ಲು ಬೆಳೆಯಲ್ಲ, ನೆಲ್ಲಿ ಸಸಿ ಮೇಲೆ ಬರಲ್ಲ, ಗೆಣಸು ಸಿಗಲ್ಲ.

ಸೋಲಿಗರ ಹಿರಿಯರು ಹೇಳೋದು, ಹಿಂದೆ ನಾವು ವರ್ಷದ ಮೊದಲಲ್ಲೇ ತರಗು ಬೆಂಕಿ ಹಾಕ್ತಿದ್ದೆವು. ಸಣ್ಣ ಬೆಂಕಿ, ಒಣ ಎಲೆ ಮಾತ್ರ ಸುಡೋದು, ಮರಕ್ಕೆ ಏನೂ ಆಗ್ತಿರಲಿಲ್ಲ, ಲಂಟಾನ ಎದ್ದೇಳ್ತಿರಲಿಲ್ಲ ಅಂತ. 1974ರಲ್ಲಿ ಅಭಯಾರಣ್ಯ ಮಾಡಿ ಸೋಲಿಗರನ್ನ ಪೋಡುಗಳಿಂದ ಎಬ್ಬಿಸಿದರು, ಬೆಂಕಿ ಅಪರಾಧ ಆಯ್ತು. ಏಟ್ರೀ ಸಂಸ್ಥೆಯ ಸಂಶೋಧಕರು ಸೋಲಿಗರ ಜೊತೆ ಕೂತು ಈ ಮಾತನ್ನ ಅಧ್ಯಯನ ಮಾಡಿದ್ದಾರೆ, ತಳ್ಳಿಹಾಕುವಂಥದ್ದಲ್ಲ ಅಂದಿದ್ದಾರೆ. 2011ರಲ್ಲಿ ಅದೇ ಕಾಡು ಹುಲಿ ಯೋಜನೆ ಆಯ್ತು, ಅದೇ ವರ್ಷ ಸೋಲಿಗರು ಹೋರಾಡಿ ಸಮುದಾಯ ಅರಣ್ಯ ಹಕ್ಕನ್ನೂ ಪಡೆದರು. ಮಾದಪ್ಪನ ಬೆಟ್ಟದ ಕಡೆ ಸೋಲಿಗರು ಅದೇ ಲಂಟಾನ ಕಡಿದು ಬೇಯಿಸಿ ಸೀಳಿ ಕುರ್ಚಿ, ಬುಟ್ಟಿ ಹೆಣೀತಾರೆ. ದೊರೆ ಅಂದಕ್ಕೆ ತಂದ ಗಿಡದಲ್ಲಿ ಅನ್ನ ಹುಟ್ಟಿಸೋ ಪಾಡು ಅವರದ್ದು.

ಪಹಣಿ ಇಲ್ಲದವನ ಬರ

ಇದೆಲ್ಲ ಹಳೇ ಕಥೆ ಅಂತೀರಾ? ಇಲ್ಲ.

ನಮ್ಮ ಮೂರು ತಾಲ್ಲೂಕು ಮಳೆ ನೆರಳಿನ ಪ್ರದೇಶ. ಅರಬ್ಬಿ ಸಮುದ್ರದ ಮುಂಗಾರು ಕೊಡಗಿನಲ್ಲಿ, ವಯನಾಡಿನಲ್ಲಿ ಸುರಿದು ಮಿಕ್ಕಿದ್ದು ನಮಗೆ. ನಮ್ಮ ನಿಜವಾದ ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಹಿಂಗಾರಿಗೆ ಬಂಗಾಳ ಕೊಲ್ಲಿಯ ಕಡೆ ಮುಖ ಮಾಡಿ ಕೂರಬೇಕು. ಅಂದ್ರೆ ಎರಡು ಸಮುದ್ರದ ಬಾಗಿಲು ಕಾಯೋ ಜನ ನಾವು.

1999ರಲ್ಲಿ ವಿಜ್ಞಾನಿಗಳು ಹಿಂದೂ ಮಹಾಸಾಗರಕ್ಕೂ ತನ್ನದೇ ತಕ್ಕಡಿ ಇದೆ ಅಂತ ತೋರಿಸಿದರು. ಪಶ್ಚಿಮದ ನೀರು ಬಿಸಿ, ಪೂರ್ವದ ನೀರು ತಣ್ಣಗೆ ಆದರೆ ಒಂದು ಥರ, ತಿರುಗಿದರೆ ಇನ್ನೊಂದು ಥರ. ಆ ಪ್ರಬಂಧ ಬರೆದವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರೂ ಇದ್ದರು. 1997ರಲ್ಲಿ ಎಲ್ ನಿನೋ ಅಷ್ಟು ಜೋರಾಗಿದ್ದರೂ ದೇಶದ ಮುಂಗಾರು ಕೆಡದೇ ಇದ್ದದ್ದು ಈ ತಕ್ಕಡಿ ನಮ್ಮ ಕಡೆ ಇದ್ದದ್ದರಿಂದ ಅಂತಾರೆ. ಈಗ ಪುಣೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮುಂತಾದವರು ಹೇಳ್ತಿರೋದು, ಹಿಂದೂ ಮಹಾಸಾಗರವೇ ಕಾಯ್ತಾ ಇದೆ, ಮಳೆಯ ನಂಬಿಕೆ ತಪ್ಪುತ್ತಾ ಇದೆ ಅಂತ.

2023 ಮತ್ತೆ ಎಲ್ ನಿನೋ ವರ್ಷ. ಕರ್ನಾಟಕದ 236 ತಾಲ್ಲೂಕಿನಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಣೆ ಮಾಡಿತು. ಬೆಳೆ ಪರಿಹಾರ ಹೇಗೆ ಬರುತ್ತೆ ಅಂತ ಗುಮಾಸ್ತನಾದ ನನಗೆ ಗೊತ್ತು. ಪಹಣಿ ಬೇಕು, ಸರ್ವೆ ನಂಬರ್ ಬೇಕು, ಬೆಳೆ ನಮೂದಾಗಿರಬೇಕು. ಪಹಣಿ ಇಲ್ಲದ ಕೂಲಿಯವನಿಗೆ ದಾಖಲೆ ಪ್ರಕಾರ ಯಾವ ನಷ್ಟವೂ ಇಲ್ಲ! ಆ ವರ್ಷ ನಮ್ಮ ಕೇರಿಯ ಒಬ್ಬ ಹೆಣ್ಣುಮಗಳು, ವರ್ಷಾನುಗಟ್ಟಲೆ ಬೇರೆಯವರ ಹೊಲದಲ್ಲಿ ಕಳೆ ಕಿತ್ತವಳು, ನನ್ನ ಕೇಳಿದಳು: "ಅಣ್ಣಾ, ಹೊಲ ಅವ್ರದು ಸರಿ, ಬರ ನಂದಲ್ವಾ?" ಟೆಂಪಲ್‌ನ ಒಂದು ಪೌಂಡಿಗೂ ಈ ಪ್ರಶ್ನೆಗೂ ನಡುವೆ ಸುಮಾರು ನೂರೈವತ್ತು ವರ್ಷ ಇದೆ. ನನ್ನ ಹತ್ತಿರ ಉತ್ತರ ಇರಲಿಲ್ಲ, ಅರ್ಜಿ ನಮೂನೆಯಲ್ಲೂ ಅವಳಿಗೆ ಕಲಂ ಇರಲಿಲ್ಲ. ಉದ್ಯೋಗ ಖಾತ್ರಿಯ ಕೂಲಿ ಹೊತ್ತಿಗೆ ಸರಿಯಾಗಿ ಬಂದರೆ ಅದೇ ಪರಿಹಾರ. ಅವಳ ಮಗ ಈಗ ತಿರುಪ್ಪೂರಿನ ಬನಿಯನ್ ಫ್ಯಾಕ್ಟರಿಯಲ್ಲಿದ್ದಾನೆ. ಅದೇ ಘಾಟಿ ಇಳಿದು ಹೋದ. ಮುಂಗಡ ತಗೊಂಡೇ ಹೋದ.

ಹೋದೋನ ಹೆಸರು

ಕೊನೆಗೆ ಒಂದು ಕೆಲಸದ ಮಾತು.

ಕರಾರು ಕೂಲಿಯಾಗಿ ಹಡಗು ಹತ್ತಿದವರ ಹೆಸರು, ಅಪ್ಪನ ಹೆಸರು, ವಯಸ್ಸು, ಜಾತಿ, ಊರು, ಜಿಲ್ಲೆ, ಮೈಮೇಲಿನ ಗುರುತು ಎಲ್ಲ ಬರೆದ ರಿಜಿಸ್ಟರುಗಳಿವೆ. ಮಾರಿಷಸ್‌ನ ಮೋಕಾದಲ್ಲಿರೋ ಮಹಾತ್ಮ ಗಾಂಧಿ ಸಂಸ್ಥೆಯಲ್ಲಿ ಅವನ್ನ ಜೋಪಾನ ಮಾಡಿದ್ದಾರೆ, ನಟಾಲ್ ಹಡಗುಗಳ ಪಟ್ಟಿಗಳೂ ಉಳಿದಿವೆ. ಯೋಚನೆ ಮಾಡಿ, ನಮ್ಮ ಊರಿನ ದಾಖಲೆಯಲ್ಲಿ ಹೆಸರೇ ಇಲ್ಲದ ಜನರ ಹೆಸರನ್ನ ಅವರನ್ನ ಸಾಗಿಸಿದ ಹಡಗಿನ ಗುಮಾಸ್ತ ಬರೆದಿಟ್ಟಿದ್ದಾನೆ. ಆಳು ಕಳೆದುಹೋಗಬಾರದು ಅಂತ ಬರೆದ, ಪ್ರೀತಿಯಿಂದಲ್ಲ. ಆದರೂ ಬರೆದ. ಅದರಲ್ಲಿ ಕೊಯಮತ್ತೂರು ಜಿಲ್ಲೆ ಅಂತ ಬರೆದ ಸಾಲುಗಳಲ್ಲಿ ನಮ್ಮ ಕೊಳ್ಳೇಗಾಲದವರು ಎಷ್ಟು ಜನ? ಕನ್ನಡದ ಹೆಸರು ಇಂಗ್ಲಿಷಿನಲ್ಲಿ ಕೆಟ್ಟು ಹೋಗಿರುತ್ತೆ. ಮಾದ, ಸಿದ್ದ, ಪುಟ್ಟಿ, ಕೆಂಪಿ ಅನ್ನೋ ಹೆಸರನ್ನ ಆ ಕಾಗುಣಿತದೊಳಗೆ ಗುರುತು ಹಿಡಿಯೋಕೆ ಲಂಡನ್ನಿನ ಪ್ರೊಫೆಸರ್‌ಗೆ ಆಗಲ್ಲ. ಈ ಕೇರಿಯಲ್ಲಿ ಹುಟ್ಟಿದ ಮಕ್ಕಳಿಗೆ ಆಗುತ್ತೆ. ಅದಕ್ಕೇ ಈ ವಿಷಯ ಓದೋಕೆ ನಮ್ಮ ಮಕ್ಕಳೇ ಬೇಕು.

ಅದಕ್ಕೆ ಮುಂಚೆ ನೀವೆಲ್ಲ ಮಾಡಬಹುದಾದದ್ದು ಇದು. ನಿಮ್ಮ ಮನೆಯಲ್ಲಿ, ಬೀದಿಯಲ್ಲಿ ಎಂಬತ್ತು ದಾಟಿದ ಅಜ್ಜಿ, ತಾತಂದಿರು ಇದ್ದರೆ ಈ ವಾರವೇ ಹೋಗಿ ಕೂತು ಕೇಳಿ. ನಮ್ಮೋರು ಯಾರಾದರೂ ಕೊಳಂಬಿಗೆ, ರಂಗೂನಿಗೆ, ತೋಟಕ್ಕೆ ಹೋದವರಿದ್ದರಾ? ಯಾವ ಬರದಲ್ಲಿ? ಯಾರ ಜೊತೆ? ವಾಪಸ್ ಬಂದರಾ, ಏನು ತಂದರು? ನಿಮ್ಮ ಮನೆಯಲ್ಲೂ ಹೆಸರಿಲ್ಲದ ಎಡೆ ಇಡ್ತಾರಾ? ನೀಲಗಾರರು, ದೇವರಗುಡ್ಡರು ಇದ್ದರೆ ಅವರನ್ನೂ ಕೇಳಿ, ಅವರ ನೆನಪು ನಮ್ಮ ಕಂಪ್ಯೂಟರಿಗಿಂತ ದೊಡ್ಡದು. ಮೊಬೈಲಿನಲ್ಲಿ ರೆಕಾರ್ಡ್ ಮಾಡಿ. ಊರು, ತಾರೀಖು ಬರೆದಿಡಿ. ಕೆಳಗೆ ಕಾಮೆಂಟಿನಲ್ಲಿ ಬರೆದರೂ ಸರಿ, ನನಗೆ ಮೆಸೇಜ್ ಮಾಡಿದರೂ ಸರಿ. ಒಂದು ಪುಸ್ತಕದಲ್ಲಿ ಕ್ರಮವಾಗಿ ಬರೆದಿಡೋ ಕೆಲಸ ನನ್ನದು. ಗುಮಾಸ್ತ ತಾನೇ, ಅದು ಚೆನ್ನಾಗಿ ಬರುತ್ತೆ.

ಆ ಹುಡುಗಿಗೆ ನಿನ್ನೆ ಫೋನ್ ಮಾಡಿದ್ದೆ. ಎಂಎ ಅರ್ಜಿ ಹಾಕೋಕೆ ಬೇಕಾದ ಜಾತಿ, ಆದಾಯ ಪ್ರಮಾಣಪತ್ರ ಮಾಡಿಸಿಟ್ಟುಕೋ, ಅರ್ಜಿ ಶುಲ್ಕ ನಾವು ನಾಲ್ಕು ಜನ ಸೇರಿ ಕಟ್ತೀವಿ ಅಂದೆ. "ಅಣ್ಣಾ, ನಮ್ಮಜ್ಜಿಯ ತಾತನ ಕಡೆಯೋರೂ ಯಾರೋ ಹೋಗಿದ್ರಂತೆ, ನಿನ್ನೆ ಕೇಳ್ದೆ" ಅಂದಳು.

ಈ ಸಲ ಪಕ್ಷದ ಹಬ್ಬಕ್ಕೆ ನಮ್ಮ ಮನೆಯಲ್ಲಿ ಆ ಎಡೆ ಇಡ್ತೀವಿ. ಅಜ್ಜಿ ಇಲ್ಲ, ಅವ್ವ ಇಡ್ತಾಳೆ. ಹೆಸರು ಸಿಗೋವರೆಗೂ ಇಡ್ತೀವಿ.

ಜೈಭೀಮ್.